ಅಂಗಡಿದು ಬ್ಯಾರೆ, ಸಾಲಿದು ಬ್ಯಾರೆ

ಹೋದ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟೂವರೆ. ನಮ್ಮೂರು ಚಂದ್ರಂಪಳ್ಳಿಗೆ ಹತ್ತಿರದ ಒಂದು ಸರ್ಕಾರಿ ಶಾಲೆ. ನಾಲ್ಕು ಮತ್ತು ಐದನೇ ತರಗತಿಯ ಇಪ್ಪತ್ತಾರು ಮಕ್ಕಳು ಸುತ್ತ ನಿಂತಿದ್ದಾರೆ, ನಡುವೆ ನಾನು. ಆಟದ ಹೆಸರು ‘ಮಗ್ಗಿ ಬಾಂಬ್’, ಹೆಸರಿಟ್ಟವನೂ ನಾನೇ. ಚೆಂಡು ಕೈಯಿಂದ ಕೈಗೆ ಹೋಗುತ್ತಿರಬೇಕು. ನಾನು ಚಪ್ಪಾಳೆ ತಟ್ಟಿದಾಗ ಯಾರ ಕೈಯಲ್ಲಿದೆಯೋ ಅವರಿಗೆ ಒಂದು ಪ್ರಶ್ನೆ. ಏಳೆಂಟ್ಲೆ ಎಷ್ಟು? ಐದು ಸೆಕೆಂಡಿನಲ್ಲಿ ಹೇಳದಿದ್ದರೆ ಬಾಂಬ್ ಸಿಡಿಯಿತು, ನೀವು ಔಟ್, ಹೋಗಿ ಗೋಡೆ ಪಕ್ಕ ಕೂತ್ಕೊಳ್ಳಿ.

ಏನು ಗಲಾಟೆ, ಏನು ನಗು! ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ನಾನಂತೂ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಸ್ಟೇಟಸ್‌ಗೆ ಹಾಕಲು ಒಂದು ವಿಡಿಯೋ ಕೂಡ ಮಾಡಿಕೊಂಡೆ. ಹತ್ತು ನಿಮಿಷ ಆಗಿರಬೇಕು, ಆ ಶಾಲೆಯ ಟೀಚರ್ ಪಕ್ಕ ಬಂದು ನಿಂತರು. ಟೀಚರ್ ಅಂದರೆ ನನ್ನ ಅಕ್ಕ.

‘ಈಗ ಆಡ್ಲಾಕತ್ತವ್ರು ಯಾರ್ಯಾರು, ನೋಡು.’

ನೋಡಿದೆ. ಐದೇ ಮಕ್ಕಳು. ಆ ಐದೂ ಮಕ್ಕಳಿಗೆ ಹದಿನೈದರ ತನಕ ಮಗ್ಗಿ ಮೊದಲೇ ಬಾಯಿಪಾಠ.

‘ಮಗ್ಗಿ ಬರದವ್ರಿಗೆ ಮಗ್ಗಿ ಕಲಿಸ್ತೀನಂತ ಬಂದಿ. ಬರದವ್ರನ್ನೆಲ್ಲ ಗ್ವಾಡಿಗೆ ಕೂಡ್ಸಿದಿ.’

ಇಪ್ಪತ್ತೊಂದು ಮಕ್ಕಳು ಗೋಡೆಗೆ ಒರಗಿ ಕೂತಿದ್ದರು. ಕೆಲವರು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಎಲ್ಲರಿಗಿಂತ ಮೊದಲು ಔಟಾದ ಐದನೇ ತರಗತಿಯ ಹುಡುಗಿಯೊಬ್ಬಳು ಕಾಲುಂಗುಷ್ಠದಿಂದ ನೆಲದ ಪರಸಿಯ ಗೆರೆ ತಿದ್ದುತ್ತ ಕೂತಿದ್ದಳು. ಅವಳಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ, ಆಮೇಲೆ ಹತ್ತು ನಿಮಿಷ ರಜೆ. ಎಲ್ಲ ಬರುವ ಹುಡುಗನಿಗೆ ಎಂಟು ಪ್ರಶ್ನೆ ಸಿಕ್ಕಿದ್ದವು. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಮೊದಲು ಹೊರಗೆ ಹಾಕುವ ಸಿಸ್ಟಮ್ಮನ್ನು ನಾನು ಡಿಸೈನ್ ಮಾಡಿದ್ದೆ. ಆಫೀಸಿನಲ್ಲಾಗಿದ್ದರೆ ಕೋಡ್ ರಿವ್ಯೂದಲ್ಲೇ ವಾಪಸ್ ಕಳಿಸುತ್ತಿದ್ದರು.

ಈ ಅಂಕಣ ಓದುವವರಿಗೆ ನನ್ನ ಅಕ್ಕ ಹೊಸಬಳಲ್ಲ. ವರ್ಷಕ್ಕೊಮ್ಮೆ ಸೀತಾಫಲದ ಸೀಜನ್ನಿನಲ್ಲಿ ಎರಡು ವಾರ ಊರಿಂದಲೇ ಕೆಲಸ ಮಾಡುತ್ತೇನೆ ಅಂತಲೂ ಬರೆದಿದ್ದೇನೆ. ಈ ಸಲ ಲ್ಯಾಪ್‌ಟಾಪ್ ಜೊತೆ ಒಂದು ಅಹಂಕಾರವನ್ನೂ ಹೊತ್ತುಕೊಂಡು ಹೋಗಿದ್ದೆ. ‘ನಿಮ್ಮ ಮಕ್ಕಳಿಗೆ ಲೆಕ್ಕ ನಾನು ಕಲಿಸ್ತೀನಿ ಬಿಡು, ಆಟ ಆಡಿಸಿ’ ಅಂತ ಫೋನಿನಲ್ಲಿ ಹೇಳಿಬಿಟ್ಟಿದ್ದೆ.

ಸೋಮವಾರ ಅಕ್ಕ ತನ್ನ ಆಟ ತೋರಿಸಿದಳು. ಅದರಲ್ಲಿ ಹೊಸದೇನೂ ಇಲ್ಲ, ನಮ್ಮಜ್ಜಿ ಆಡುತ್ತಿದ್ದ ಚೌಕಾಬಾರವೇ. ನಮ್ಮ ಕಡೆ ಶಾಲೆ, ಮನೆ, ಗುಡಿ ಎಲ್ಲದರ ನೆಲಕ್ಕೂ ಶಹಾಬಾದ್ ಪರಸಿ. ದೇವರೇ ಗೆರೆ ಎಳೆದು ಕೊಟ್ಟ ಹಾಗೆ ಚೌಕ ಚೌಕ. ವರಾಂಡದ ಪರಸಿಗಳ ಮೇಲೆ ಅಕ್ಕ ಸೀಮೆಸುಣ್ಣದಲ್ಲಿ ಒಂದರಿಂದ ಐವತ್ತರ ತನಕ ಬರೆದಿದ್ದಳು. ಕವಡೆ ಬದಲು ಹುಣಸೆ ಬೀಜ, ನಾಲ್ಕು. ಒಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ್ದು. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಮಕ್ಕಳೇ ಕಾಯಿ. ಪರಸಿಯಿಂದ ಪರಸಿಗೆ ನಡೆಯಬೇಕು.

ಅಕ್ಕ ಸೇರಿಸಿದ್ದು ಒಂದೇ ನಿಯಮ: ಕಾಲು ಎತ್ತುವ ಮೊದಲು ಎಲ್ಲಿಗೆ ಹೋಗಿ ನಿಲ್ಲುತ್ತೀ ಅಂತ ಹೇಳಬೇಕು.

ಇದೇ ಇಡೀ ಆಟದ ಜೀವ. ಸುಮ್ಮನೆ ಎಂಟು ಹೆಜ್ಜೆ ಎಣಿಸಿಕೊಂಡು ಹೋದರೆ ಅದು ಎಣಿಕೆ ಅಷ್ಟೇ, ಕೂಡುವ ಲೆಕ್ಕವೇ ಅಲ್ಲ. ಹದಿನಾರರ ಮೇಲೆ ನಿಂತವನಿಗೆ ಬಾರ ಬಿತ್ತು. ಅವನು ಮೊದಲು ಮನಸ್ಸಿನಲ್ಲಿ ಇಪ್ಪತ್ತರ ತನಕ ಹೋಗುತ್ತಾನೆ, ನಾಲ್ಕು ಖರ್ಚಾಯಿತು, ಉಳಿದ ನಾಲ್ಕು ಸೇರಿಸಿ ‘ಇಪ್ಪತ್ನಾಕು’ ಅನ್ನುತ್ತಾನೆ. ಆಮೇಲೆ ನಡೆದು ನೋಡುತ್ತಾನೆ. ಸರಿಯೋ ತಪ್ಪೋ ಅಂತ ಟೀಚರ್ ಹೇಳಬೇಕಿಲ್ಲ, ಕಾಲ ಕೆಳಗಿನ ಪರಸಿಯೇ ಹೇಳುತ್ತದೆ. ಐವತ್ತು ಮುಟ್ಟಿದವರು ವಾಪಸ್ ಬರಬೇಕು, ಆಗ ಕಳೆಯುವ ಲೆಕ್ಕ. ಯಾರೂ ಔಟ್ ಇಲ್ಲ. ತಪ್ಪು ಹೇಳಿದವರಿಗೆ ಇನ್ನೊಂದು ಸಲ ಬೀಜ ಎಸೆಯುವ ಅವಕಾಶ. ಅಂದರೆ ಬರದವರಿಗೇ ಹೆಚ್ಚು ಸರದಿ.

ನಾನು ಬಾಯಿ ಬಿಟ್ಟು ನೋಡುತ್ತಿರುವಾಗಲೇ ಒಬ್ಬ ಪೋರ ಈ ನಿಯಮದಲ್ಲಿ ತೂತು ಹುಡುಕಿದ. ಬೇಕಂತಲೇ ತಪ್ಪು ಹೇಳಿದರೆ ಎರಡು ಸಲ ಎಸೆಯಬಹುದಲ್ಲ! ಮೂರು ಸಲ ಹಾಗೇ ಮಾಡಿ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಅಕ್ಕ ನಕ್ಕು ಅಲ್ಲೇ ನಿಯಮ ಬದಲಿಸಿದಳು. ಎರಡನೇ ಎಸೆತಕ್ಕೆ ಉತ್ತರ ಹೇಳಬೇಕು, ಆದರೆ ಮುಂದೆ ನಡೆಯುವ ಹಾಗಿಲ್ಲ. ಆ ಹುಡುಗ ಮುಂದೆ ನಮ್ಮ ಟೆಸ್ಟಿಂಗ್ ಟೀಮಿಗೆ ಬಂದರೆ ನಾನೇ ರೆಫರಲ್ ಕೊಡುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ‘ಆಟದಿಂದ ಗಣಿತ ಸುಲಭ’ ಅನ್ನುವ ನೂರೊಂದನೇ ಬರಹ ಆಗುತ್ತಿತ್ತು. ಆದರೆ ಆ ಹುಡುಗಿ, ಮೊದಲು ಔಟಾದವಳು, ನನ್ನನ್ನು ಬಿಡಲಿಲ್ಲ.

ಅವಳು ತಾಂಡಾದವಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಭಾನುವಾರ ಅವಳವ್ವ ಚಂದ್ರಂಪಳ್ಳಿ ಡ್ಯಾಮ್ ರಸ್ತೆಯಲ್ಲಿ ಬುಟ್ಟಿ ಇಟ್ಟು ಸೀತಾಫಲ ಮಾರುತ್ತಾಳೆ. ಡ್ಯಾಮ್ ನೋಡಲು ಕಲಬುರಗಿಯಿಂದ, ಆಚೆ ತೆಲಂಗಾಣದಿಂದ ಜನ ಬರುತ್ತಾರಲ್ಲ, ಅವರ ಜೊತೆ ಈ ಹುಡುಗಿಯ ವ್ಯವಹಾರ ಹಿಂದಿಯಲ್ಲಿ. ಪಚಾಸ್, ಸವ್ವಾಸೌ, ಡೇಢ್‌ಸೌ ಎಲ್ಲ ನಾಲಿಗೆ ತುದಿಯಲ್ಲಿ. ಬೆರಳು ಮಡಚುವುದೂ ಇಲ್ಲ. ವರಾಂಡದ ಆಟದಲ್ಲೂ ಅವಳು ಚುರುಕು. ಅಂಥವಳ ಸ್ಲೇಟು ನೋಡಿದೆ: 43 − 17 = 34.

ಇನ್ನೊಂದು ಕೊಟ್ಟೆ. 52 − 28. ಬರೆದಳು, 36.

ಇದು ಗಡಿಬಿಡಿಯ ತಪ್ಪಲ್ಲ. ಅವಳು ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೆಯುತ್ತಿದ್ದಳು, ಮೇಲೆ ಯಾವುದಿದೆ ಕೆಳಗೆ ಯಾವುದಿದೆ ಅಂತ ನೋಡದೆ. ಏಳರಲ್ಲಿ ಮೂರು ಹೋದರೆ ನಾಲ್ಕು, ನಾಲ್ಕರಲ್ಲಿ ಒಂದು ಹೋದರೆ ಮೂರು. ಪ್ರತಿ ಸಲವೂ ಅದೇ ತಪ್ಪು, ಶಿಸ್ತಾಗಿ. ನಮ್ಮ ಕಸುಬಿನವರಿಗೆ ಇದಕ್ಕೆ ಹೆಸರು ಬೇಕಿಲ್ಲ, ಇದು ಬಗ್. ತಮಾಷೆಗೆ ಹೇಳುತ್ತಿಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಅಮೆರಿಕದಲ್ಲಿ ಮಕ್ಕಳ ಲೆಕ್ಕದ ತಪ್ಪುಗಳನ್ನು ಇದೇ ಹೆಸರಿನಿಂದ ಕರೆದು ಪ್ರಬಂಧ ಬರೆದಿದ್ದಾರೆ. ಅವರ ಪ್ರೋಗ್ರಾಮ್‌ನ ಹೆಸರು ‘ಬಗ್ಗಿ’. ಅದರಲ್ಲಿ ಕಂಪ್ಯೂಟರ್ ಒಂದು ಬಗ್ ಇರುವ ಮಗುವಿನ ಹಾಗೆ ತಪ್ಪು ಉತ್ತರ ಕೊಡುತ್ತ ಹೋಗುತ್ತದೆ, ಟೀಚರ್ ಆಗಲಿರುವವರು ಒಳಗಿನ ತಪ್ಪು ನಿಯಮ ಯಾವುದು ಅಂತ ಹುಡುಕಬೇಕು. ಮೇಷ್ಟ್ರಿಗೇ ಆಟ! ಮಗುವಿಗೆ ನಿಯಮ ಗೊತ್ತಿಲ್ಲ ಅನ್ನುವುದಕ್ಕಿಂತ ಬೇರೆ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ ಅಂತ ನೋಡುವ ಈ ಬಗೆ ನನಗೆ ಬಹಳ ಹಿಡಿಸಿತು.

ಸರಿ, ಸ್ಲೇಟು ಪಕ್ಕಕ್ಕಿಟ್ಟು ಕೇಳಿದೆ. ‘ನಿನ್ನ ಹತ್ರ ನಲವತ್ಮೂರು ರೂಪಾಯಿ ಅದಾವ. ಹದಿನೇಳು ರೂಪಾಯಿದು ಸೋಪು ತಗೊಂಡಿ. ಎಷ್ಟು ಉಳೀತು?’

‘ಇಪ್ಪತ್ತಾರು ರೀ.’ ನನ್ನ ಪ್ರಶ್ನೆ ಮುಗಿಯುವಷ್ಟರಲ್ಲೇ.

‘ಮತ್ತ ಸ್ಲೇಟಿನಾಗ ಮೂವತ್ನಾಕು ಬರ್ದೀದಿ? ಯಾವುದು ಸರಿ?’

ಅವಳು ನನ್ನ ಮುಖ ನೋಡಿದಳು. ಇಷ್ಟು ದೊಡ್ಡವನಿಗೆ ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

‘ಎರಡೂ ಸರಿ ರೀ ಸರ್. ಅದು ಅಂಗಡಿದು, ಇದು ಸಾಲಿದು. ಅಂಗಡಿದು ಬ್ಯಾರೆ, ಸಾಲಿದು ಬ್ಯಾರೆ.’

ನಾನು ಸುಮ್ಮನಾದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನೂ ಒಂದು ಕಾಲದಲ್ಲಿ ಇದನ್ನೇ ನಂಬಿದ್ದೆ. ಇಂಟೆಗ್ರೇಷನ್ ಅಂದರೆ ಏನೋ ಒಂದು ವಿಸ್ತೀರ್ಣ ಅಂತ ಗೊತ್ತಾಗಿದ್ದು ಪಾಸಾದ ಎಷ್ಟೋ ವರ್ಷದ ಮೇಲೆ. ಅಲ್ಲಿತನಕ ಅದು ‘ಕಾಲೇಜಿಂದು’.

ಅವಳೊಬ್ಬಳದ್ದೇ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲ ಬಾಯಲ್ಲೇ ಸರಿಯಾಗಿ ಲೆಕ್ಕ ಹಾಕುತ್ತಾರೆ, ಪುಸ್ತಕದ ಲೆಕ್ಕ ಕೊಟ್ಟರೆ ತಡವರಿಸುತ್ತಾರೆ. ಬರೀ ಶಾಲೆಗೆ ಹೋಗುವ ಮಕ್ಕಳದ್ದು ಉಲ್ಟಾ: ಪುಸ್ತಕದ್ದು ಅವರಿಗೆ ಹೆಚ್ಚು ಬರುತ್ತದೆ, ಅಂಗಡಿಯದ್ದು ಬರುವುದಿಲ್ಲ. ಡುಫ್ಲೋ ಇದ್ದ ಇನ್ನೊಂದು ತಂಡ ದೆಹಲಿಯ ಬಾಲವಾಡಿಗಳಲ್ಲಿ ಪುಟ್ಟ ಮಕ್ಕಳಿಗೆ ಕೆಲವು ತಿಂಗಳು ಗಣಿತದ ಆಟ ಆಡಿಸಿ ನೋಡಿತು. 2017ರಲ್ಲಿ ‘ಸೈನ್ಸ್’ನಲ್ಲಿ ಬಂದ ಅದರ ಫಲಿತಾಂಶ ಆಟ ಆಡಿಸುವವರೆಲ್ಲ ಓದಬೇಕಾದದ್ದು. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನುವ ಅಂದಾಜು ಮಕ್ಕಳಲ್ಲಿ ಚುರುಕಾಯಿತು, ವರ್ಷ ಕಳೆದರೂ ಉಳಿಯಿತು. ಆದರೆ ಒಂದನೇ ತರಗತಿಗೆ ಹೋಗಿ ಅಂಕಿ ಬರೆದು ಲೆಕ್ಕ ಕಲಿಯುವಾಗ ಅದರಿಂದ ಲಾಭವಾಗಲಿಲ್ಲ.

ಅಂದರೆ ಆಟಕ್ಕೂ ಸ್ಲೇಟಿಗೂ ನಡುವೆ ಒಂದು ಹಳ್ಳ ಇದೆ. ಮಗು ತಾನಾಗಿಯೇ ಅದನ್ನು ಜಿಗಿಯುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಜಿಗಿಯುವುದಿಲ್ಲ. ಸೇತುವೆ ಕಟ್ಟಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಈ ಸೇತುವೆಯ ಸಾಮಾನು ಇಲ್ಲದೆ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ನಿಮಗೆ ಗೊತ್ತೇ ಇರುತ್ತದೆ, ನಿಮ್ಮಲ್ಲಿ ಕೆಲವರು ಅದರಲ್ಲೇ ಕಲಿತಿರಲೂಬಹುದು. ನಾಲ್ಕು, ಐದನೇ ತರಗತಿಗೆ ‘ಗಣಿತ ಕಲಿಕಾ ಆಂದೋಲನ’ ಬಂತು. ಅಕ್ಷರ ಫೌಂಡೇಶನ್ ಜೊತೆ ಸೇರಿ ಸರ್ಕಾರ ನಡೆಸಿದ್ದು, 2015ರಿಂದ ಆಗಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೂ ಹಬ್ಬಿತು. ಶಾಲೆಗೊಂದು ಕಿಟ್: ಮಣಿಕಟ್ಟು, ದಾಳ, ಹತ್ತರ ಕಡ್ಡಿಗಳು, ಗಡಿಯಾರ, ಆಟದ ನೋಟು-ನಾಣ್ಯ. ಮೊದಲು ಕೈಯಲ್ಲಿ ಮುಟ್ಟಿ, ಆಮೇಲೆ ಚಿತ್ರ ಬರೆದು, ಕೊನೆಗೆ ಅಂಕಿಯಲ್ಲಿ ಬರೆಯುವುದು ಅದರ ಕ್ರಮ. ಈ ಮೂರನೇ ಮೆಟ್ಟಿಲೇ ಮುಖ್ಯ, ಆದರೆ ಎಲ್ಲರೂ ಮೊದಲನೆಯದರಲ್ಲೇ ಫೋಟೋ ತೆಗೆದು ನಿಲ್ಲಿಸುತ್ತಾರೆ. ಅಕ್ಕ ಹಿಂದೆ ಕೆಲಸ ಮಾಡಿದ ಒಂದು ಕಡೆ ಅದೂ ಇರಲಿಲ್ಲ ಬಿಡಿ. ಸಾಮಾನು ಕಳೆದರೆ ಯಾರು ಲೆಕ್ಕ ಕೊಡುವುದು ಅಂತ ಕಿಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಲೆಕ್ಕ ಕಲಿಸುವ ಸಾಮಾನಿಗೆ ಲೆಕ್ಕದ ಭಯ!

ಬುಧವಾರ ಅಕ್ಕ ಆ ಆಟದ ನೋಟುಗಳನ್ನು ಹೊರಗೆ ತೆಗೆದಳು. ಅಂಗಡಿ ಆಟ. ಖಾಲಿ ಸೋಪಿನ ಡಬ್ಬಿ, ಬಿಸ್ಕೀಟಿನ ಕಾಗದ, ಪೆನ್ಸಿಲ್, ಎಲ್ಲದಕ್ಕೂ ಬೆಲೆ ಚೀಟಿ. ಪ್ರತಿಯೊಬ್ಬರಿಗೂ ಲಗ್ನಪತ್ರಿಕೆ ಮಡಚಿ ಮಾಡಿದ ಒಂದು ಪಾಕೀಟು, ಅದರಲ್ಲಿ ಅಳೆದು ಹಾಕಿದ ದುಡ್ಡು. ಇಷ್ಟು ಎಲ್ಲ ಶಾಲೆಗಳಲ್ಲೂ ಮಾಡುತ್ತಾರೆ. ಅಕ್ಕನ ನಿಯಮ ಮತ್ತೆ ಒಂದೇ: ಕೊಂಡದ್ದನ್ನೆಲ್ಲ ಪಟ್ಟಿಯಲ್ಲಿ ಬರೆದು ಕಳೆಯಬೇಕು, ಕೊನೆಗೆ ಪಟ್ಟಿಯ ಮೊತ್ತವೂ ಪಾಕೀಟಿನ ದುಡ್ಡೂ ತಾಳೆಯಾಗಬೇಕು.

ಆ ಹುಡುಗಿಯ ಪಾಕೀಟಿನಲ್ಲಿ ಅಕ್ಕ ಬೇಕಂತಲೇ ನಲವತ್ಮೂರು ರೂಪಾಯಿ ಹಾಕಿದ್ದಳು. ಹತ್ತರ ನೋಟು ನಾಲ್ಕು, ಒಂದರ ನಾಣ್ಯ ಮೂರು. ಸೋಪು ಹದಿನೇಳು. ಅವಳು ಇಪ್ಪತ್ತು ಕೊಟ್ಟು ಮೂರು ವಾಪಸ್ ತಗೊಂಡಳು, ಪಟ್ಟಿಯಲ್ಲಿ ನೀಟಾಗಿ 34 ಅಂತ ಬರೆದಳು. ಪಾಕೀಟು ಎಣಿಸಿದಳು, ಇಪ್ಪತ್ತಾರು. ಇನ್ನೊಂದು ಸಲ ಎಣಿಸಿದಳು. ಇಪ್ಪತ್ತಾರೇ.

ಮುಂದಿನ ಐದು ನಿಮಿಷ ಅಂಗಡಿಯಲ್ಲಿ ಜಗಳ. ‘ನನ್ನ ಎಂಟು ರೂಪಾಯಿ ಕೊಡು!’ ಅಂಗಡಿಯವ ಆಗಿದ್ದ ಹುಡುಗ (ಮೊನ್ನೆ ತೂತು ಹುಡುಕಿದವನೇ, ಆದ್ದರಿಂದ ಅನುಮಾನಕ್ಕೆ ಕಾರಣವಿತ್ತು) ಗಲ್ಲಾ ಬಿಚ್ಚಿ ತೋರಿಸಿದ. ಅವನ ಲೆಕ್ಕ ಸರಿಯಾಗಿತ್ತು. ಎಲ್ಲರೂ ನೆಲದ ಮೇಲೆ ನಾಣ್ಯ ಹುಡುಕಿದರು. ಅಕ್ಕ ಬಾಯಿ ಬಿಡಲಿಲ್ಲ. ನಾನು ಏನೋ ಹೇಳಲು ಹೋದೆ, ಕಣ್ಣಲ್ಲೇ ಗದರಿಸಿದಳು.

ಜಗಳ ದಣಿದ ಮೇಲೆ ಹೇಳಿದಳು: ‘ಇನ್ನೊಂದು ಸಲ ತಗೋ ಸೋಪು. ಈ ಸಲ ಸರಿಯಾಗಿ ಹದಿನೇಳೇ ಕೊಡು. ವಾಪಸ್ ತಗೋಬ್ಯಾಡ.’

ಹುಡುಗಿ ಒಂದು ಹತ್ತರ ನೋಟು ಇಟ್ಟಳು. ಒಂದರ ಮೂರು ನಾಣ್ಯ ಇಟ್ಟಳು. ನಿಂತಳು.

‘ಚಿಲ್ಲರ ಸಾಲಲ್ಲ ರೀ ಟೀಚರ್.’

‘ಸಾಲದಿದ್ರ ಏನ್ ಮಾಡ್ತಾರ?’

‘ಹತ್ತರ ನೋಟು ಒಡಸ್ತೀನ್ರಿ.’

‘ಪಟ್ಟಿ ಮ್ಯಾಲ ಒಡಸ್ದೆನು?’

ಎಷ್ಟು ಹೊತ್ತು ಸುಮ್ಮನೆ ನಿಂತಿದ್ದಳೋ. ಆಮೇಲೆ ಪೆನ್ಸಿಲ್ ತಗೊಂಡು ನಾಲ್ಕಕ್ಕೆ ಗೆರೆ ಹೊಡೆದು ಮೇಲೆ ಮೂರು ಬರೆದಳು. ಮೂರರ ಪಕ್ಕ ಒಂದು ಸಣ್ಣ ಒಂದು. ಹದಿಮೂರರಲ್ಲಿ ಏಳು. ಆರು. ಮೂರರಲ್ಲಿ ಒಂದು. ಎರಡು. 26 ಅಂತ ಬರೆದು ಪಾಕೀಟಿನ ಕಡೆ ನೋಡಿದಳು, ಅಕ್ಕನ ಕಡೆ ಅಲ್ಲ.

‘ದಶಕ ತಗೊಳ್ಳೋದು’ ಅಂತ ಆ ಹುಡುಗಿಗೆ ಎರಡು ವರ್ಷದಿಂದ ಬೋರ್ಡಿನ ಮೇಲೆ ಹೇಳಿದ್ದು ಇದೇ. ದಶಕ ಅಂದರೆ ಯಾರಿಂದ, ಯಾಕೆ ತಗೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ. ನೋಟು ಒಡೆಸುವುದು ಅವಳು ಪ್ರತಿ ಭಾನುವಾರ ಮಾಡುವ ಕೆಲಸ.

ಅವತ್ತು ಸಂಜೆ ನಾನು ಇನ್ನೊಂದು ವಿಷಯ ಅಕ್ಕನಿಗೆ ಹೇಳಿದೆ. ಎಲ್ಲ ಆಟವೂ ಸ್ಲೇಟಿನ ಹೊರಗೇ ಯಾಕಿರಬೇಕು, ಸ್ಲೇಟಿನೊಳಗೇ ಮಜಾ ಇರುವ ಆಟ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ ಅಂತ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಈ ಹೆಸರು ನನಗೆ ಗೊತ್ತಾಗಿದ್ದು ಮಾತ್ರ ಬೆಂಗಳೂರಿಗೆ ಬಂದ ಮೇಲೆ. ಆ ಪುಸ್ತಕದಲ್ಲಿ ಹಾರದಂಥ ಗುಣಾಕಾರಗಳಿವೆ, ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿ ನೋಡಿ. ಈ ಸಂಖ್ಯೆಯಲ್ಲಿ ಎಂಟು ಇಲ್ಲ, ಗಮನಿಸಿ.

ಮರುದಿನ ಅಕ್ಕ ಅದನ್ನೇ ಬೋರ್ಡಿನ ಮೇಲೆ ಬರೆದಳು. ಒಂಬತ್ತರ ಮಗ್ಗಿ ಬಂದರೆ ಸಾಕು. ಒಂಬತ್ತೊಂಬತ್ಲೆ ಎಂಬತ್ತೊಂದು, ಒಂದು ಬರೆದು ಎಂಟು ಕೈಯಲ್ಲಿ. ಒಂಬತ್ತೇಳ್ಲೆ ಅರವತ್ಮೂರು, ಎಂಟು ಸೇರಿಸಿದರೆ ಎಪ್ಪತ್ತೊಂದು, ಮತ್ತೆ ಒಂದು. ಮತ್ತೆ ಒಂದು. ನಾಲ್ಕನೇ ಒಂದು ಬರುವಷ್ಟರಲ್ಲಿ ಕ್ಲಾಸು ಗುಸುಗುಸು. ಒಂದೇ ಒಂದು ಕಡೆ ಕೈಯಲ್ಲಿದ್ದದ್ದು ಮರೆತವನ ಹಾರ ಅಲ್ಲೇ ಕಡಿದು ಹೋಗುತ್ತಿತ್ತು, ಅವನು ತಾನೇ ಅಳಿಸಿ ಮೊದಲಿಂದ ಶುರು ಮಾಡುತ್ತಿದ್ದ. ಒಂಬತ್ತು ಒಂದುಗಳು ಸಾಲಾಗಿ ಬಂದಾಗ ಆದ ಕೂಗಿಗೆ ಹೆಡ್ ಮಾಸ್ತರರು ಓಡಿ ಬಂದರು. ಸ್ಟೇಟಸ್‌ಗೆ ಹಾಕಲು ಅದರ ವಿಡಿಯೋ ಇಲ್ಲ, ನಾನೂ ಒಂದು ಸ್ಲೇಟು ಹಿಡಿದುಕೊಂಡು ಕೂತಿದ್ದೆ.

ನಿಮ್ಮಲ್ಲಿ ಬಹಳ ಜನ ಅಣ್ಣನ ಮಗನಿಗೆ, ಅಕ್ಕನ ಮಗಳಿಗೆ ಗಣಿತದ ಆ್ಯಪ್ ಹಾಕಿ ಕೊಡುವವರು. ನಾನೂ ಒಂದು ಬರೆದುಕೊಂಡು ಹೋಗಿದ್ದೆ, ಟೈಮರ್ ಮತ್ತು ಲೀಡರ್‌ಬೋರ್ಡ್ ಸಮೇತ. ಮಕ್ಕಳು ನಾಲ್ಕು ಆಯ್ಕೆಗಳನ್ನೂ ಪಟಪಟ ಒತ್ತಿ ಯಾವುದು ಹಸಿರಾಗುತ್ತದೆ ನೋಡುತ್ತಿದ್ದರು. ಅದನ್ನು ಈಗ ಫೋನಿನಿಂದ ತೆಗೆದಿದ್ದೇನೆ. ಆ್ಯಪ್ ಕೆಟ್ಟದ್ದು ಅನ್ನುತ್ತಿಲ್ಲ. ಆಡಿದ ಮೇಲೆ ಒಂದು ಕಾಗದ ಕೊಟ್ಟು ‘ಈಗ ಮಾಡಿದ್ದನ್ನ ಬರೆದು ತೋರ್ಸು’ ಅನ್ನಿ, ಅಷ್ಟೇ.

ಹುಡುಗಿಯ ಬಗ್ ಅವತ್ತೇ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಶುಕ್ರವಾರದ ಪರೀಕ್ಷೆಯಲ್ಲಿ 62 − 28 = 46 ಅಂತ ಬರೆದಿದ್ದಳು. ಅಕ್ಕ ತಪ್ಪು ಅನ್ನಲಿಲ್ಲ. ‘ಚಿಲ್ಲರ ಅದೇನು?’ ಅಂದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ಅಳಿಸಿ 34 ಮಾಡಿದಳು.

ಬೆಂಗಳೂರಿಗೆ ಹೊರಡುವ ಭಾನುವಾರ ಆಫೀಸಿನವರಿಗೆ ಸೀತಾಫಲ ತಗೊಂಡು ಹೋಗೋಣ ಅಂತ ಡ್ಯಾಮ್ ರಸ್ತೆಗೆ ಹೋದೆ. ಬುಟ್ಟಿ ಹಿಂದೆ ಅವ್ವ, ಪಕ್ಕದಲ್ಲಿ ಅವಳು. ಒಟ್ಟು ನೂರಾ ಮೂವತ್ತೈದು ಆಯಿತು. ಇನ್ನೂರು ಕೊಟ್ಟೆ.

‘ಅರವತ್ತೈದು’ ಅಂದಳು, ಎಂದಿನ ಹಾಗೆ ಥಟ್ಟಂತ. ಆದರೆ ದುಡ್ಡು ಕೊಡಲಿಲ್ಲ. ಬುಟ್ಟಿ ಹಿಂದಿನಿಂದ ಒಂದು ಪೆನ್ನು ತೆಗೆದು ಅಂಗೈ ಮೇಲೆ 200 ಬರೆದಳು, ಕೆಳಗೆ 135. ಎರಡು ಸೊನ್ನೆ ಇರುವ ಲೆಕ್ಕ, ನೋಟು ಎರಡು ಸಲ ಒಡೆಸಬೇಕು. ಹುಬ್ಬು ಗಂಟಿಕ್ಕಿ ನಿಂತಳು. ಹಿಂದೆ ತೆಲಂಗಾಣದ ಕಾರೊಂದು ಬಂದು ನಿಂತಿತು.

‘ಏ, ಜಲ್ದಿ ಕೊಡ, ಗಿರಾಕಿ ನಿಂತಾರ!’ ಅವ್ವ ಗದರಿದಳು.

‘ತಡಿಯವ್ವಾ’ ಅಂದು ಅಂಗೈಯಲ್ಲಿ ಎರಡಕ್ಕೆ ಗೆರೆ ಹೊಡೆದಳು.